ಬಿಡಲೊಲ್ಲದ ಚಂದಾ

(ಲಿಂಗಂಪಲ್ಲಿ ಸ್ಟೇಷನ್. ಫಲಕ್‌ನುಮಾ ಕಡೆಯ ಎಂಎಂಟಿಎಸ್ ಲೋಕಲ್ ರೈಲು ಇನ್ನೂ ಹೊರಟಿಲ್ಲ. ಬೀದರಿನಿಂದ ಬಂದ ಕಾಕಾ. ಐಟಿ ಕಂಪನಿಯಲ್ಲಿರುವ ಅಣ್ಣನ ಮಗ.)

ಕಾಕಾ: ಯಾಕೋ ತಮ್ಮಾ, ಮಾರಿ ಸಣ್ಣದಾತು?

ಹುಡುಗ: ಯೋಗದ ಆ್ಯಪಿಗೆ 499 ಕಟ್ ಆತು ಕಾಕಾ.

ಕಾಕಾ: ದಿನಾ ಯೋಗ ಮಾಡ್ತೀ?

ಹುಡುಗ: ಜನವರಿ ಒಂದಕ್ಕ ಮಾಡಿದ್ದೆ.

ಕಾಕಾ: ಈಗ ಶ್ರಾವಣ! ಕೇಳದೇ ಹೆಂಗ ತಗೊಂಡ್ರು?

ಹುಡುಗ: 24 ತಾಸು ಮೊದಲ ತಿಳಿಸಬೇಕಂತ ರಿಸರ್ವ್ ಬ್ಯಾಂಕ್ ನಿಯಮ ಅದ. ತಿಳಿಸ್ಯಾರ. ಸಾಲದ ಮೆಸೇಜು, ಸೀರೆ ಸೇಲಿನ ಮೆಸೇಜಿನ ನಡುವ ಕಾಣಲಿಲ್ಲ. 15,000ದ ತನಕ ಪ್ರತಿ ಸಲ ಓಟಿಪಿ ಬ್ಯಾಡ.

ಕಾಕಾ: ನೀ ಆ್ಯಪ್ ತೆರೆದೇ ಇಲ್ಲಂತ ಅವರಿಗೆ ಗೊತ್ತಿಲ್ಲೇನು?

ಹುಡುಗ: ಗೊತ್ತದ. ‘ನಿಮ್ಮ ನೆನಪಾಗುತ್ತಿದೆ’ ಅಂತ ಮೇಲ್ ಹಾಕ್ತಾರ.

ಕಾಕಾ: ರೊಕ್ಕ ತಗೊಳ್ಳೋ ಮೊದಲೋ, ಆಮ್ಯಾಲೋ?

(ಉತ್ತರವಿಲ್ಲ.)

ಕಾಕಾ: ನಿನ್ನ ರೈಲಿನ ಪಾಸ್ ನೋಡು. ತಿಂಗಳು ಮುಗಿದ್ರ ಅದೂ ಮುಗೀತು. ಮತ್ತ ಬೇಕಂದ್ರ ನೀನೇ ತಗೋಬೇಕು. ರೈಲ್ವೆಯವರಿಗಿಲ್ಲದ ಅವಸರ ಇವರಿಗ್ಯಾಕ?

ಹುಡುಗ: ಇದಕ್ಕ ‘ಚಂದಾ ಬಲೆ’ ಅಂತಾರ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಾಗ ಮಾರ್ಗಸೂಚಿ ತಂದು, ಇಂಥ 13 ತಂತ್ರ ಪಟ್ಟಿ ಮಾಡ್ಯದ.

ಕಾಕಾ: ಪಟ್ಟಿ ಇರಲಿ. ಈಗಿಂದೀಗ ಬಿಡು.

(ಸೇರಲು ಒಂದು ಒತ್ತು ಸಾಕಾಗಿತ್ತು. ಬಿಡಲು ಸೆಟ್ಟಿಂಗ್, ಅಕೌಂಟ್, ‘ನಿಜವಾಗ್ಲೂ?’, ‘ಕಾರಣವೇನು?’, ಕೊನೆಗೆ ಕಣ್ಣೀರಿಡುವ ಗೊಂಬೆ. ಬೀಗರೂ ಬಾಗಿಲಲ್ಲಿ ಇಷ್ಟು ತಡೆಯುವುದಿಲ್ಲ.)

ಕಾಕಾ: ಬಿಟ್ಟೇನು?

ಹುಡುಗ: ಅರ್ಧ ರೇಟಿಗೆ ಕೊಡ್ತೀವಂದ್ರು ಕಾಕಾ. ಇಡೀ ವರ್ಷಕ್ಕ ತಗೊಂಡೆ.