ಕಾರ್ಬೊರೇಟರ್ ಮೇಷ್ಟ್ರು

ಬಳ್ಳಾರಿ ಸೀಮೆಯ ಪಶ್ಚಿಮ ತಾಲೂಕುಗಳಲ್ಲಿ ಅಂಬಾಸಡರ್ ಇನ್ನೂ ಪೂರ್ತಿ ಸತ್ತಿಲ್ಲ. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ಬಾಗಿಲು ಹಾಕಿದ ಸುದ್ದಿ ಇಲ್ಲಿನ ಶೆಡ್ಡುಗಳಿಗೆ ತಲುಪಿದಂತಿಲ್ಲ. ಕಾರಿದ್ದ ಕಡೆ ಅದರ ಕಾರ್ಬೊರೇಟರ್ ಬಲ್ಲವನೊಬ್ಬ ಇರಲೇಬೇಕು. ಕೂಡ್ಲಿಗಿಯಲ್ಲಿ ಆತ ರಿಟೈರಾದ ಜೀಪ್ ಡ್ರೈವರ್, ಕೊಟ್ಟೂರಿನಲ್ಲಿ ಗುಜರಿ ಅಂಗಡಿಯ ಯಜಮಾನ, ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿಯವನು, ಹಡಗಲಿಯಲ್ಲಿ ಮಲ್ಲಿಗೆ ತೋಟದ ಸಾಹುಕಾರ. ಹರಪನಹಳ್ಳಿಯಲ್ಲಿ ಮೇಷ್ಟ್ರು. ಐವರಲ್ಲಿ ಮೇಷ್ಟ್ರೇ ಅಸಲಿ ತಳಿ, ಏಕೆಂದರೆ ಉಳಿದವರು ಕಾರು ಓಡಿಸುತ್ತಾರೆ.

ಹುಡುಗನೊಬ್ಬ ಸಾಮಾನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಾನೆ. ಗಂಟು ಬಿಚ್ಚುವ ಮೊದಲೇ ಪ್ರಶ್ನೆ.

"ತಗಡು ಎಲ್ಲೈತಿ?"

"ಯಾವ ತಗಡು, ಸಾರ್?"

ಅಲ್ಲಿಗೆ ಅರ್ಧ ಫೇಲು. ಎಸ್‌ಯು ಕಾರ್ಬೊರೇಟರಿನಲ್ಲಿ ಫ್ಲೋಟ್ ಚೇಂಬರಿನ ಮುಚ್ಚಳದ ಸ್ಕ್ರೂ ಕೆಳಗೆ ನಂಬರು ಒತ್ತಿದ ಪುಟ್ಟ ತಗಡು ಇರುತ್ತದೆ. ಯಾವ ಕಾರಿಗೆಂದು ಮಾಡಿದ್ದು ಎಂದು ಹೇಳುವುದು ಅದೇ. ಯಾವನೋ ಮೆಕ್ಯಾನಿಕ್ ಮೊದಲ ಸಲ ಬಿಚ್ಚಿದಾಗಲೇ ಅದು ಮೋರಿ ಸೇರಿರುತ್ತದೆ.

"ಹೋಗ್ಲಿ, ಎಚ್‌ಎಸ್2 ಅಂದ್ರ ಏನು? ಒಂದು ಇಂಚಿಗೆ ಎಂಟನೇ ಎರಡು ಕೂಡಿಸು, ಎಷ್ಟಾತು?"

ಹುಡುಗ ಮೊಬೈಲ್ ತೆಗೆಯುತ್ತಾನೆ.

"ಒಂದೂಕಾಲು ಇಂಚೋ ಮಾರಾಯಾ! ಗಾಳಿ ಹೋಗೋ ಬಾಯಿ ಅಳತಿ ಅದು. 4 ಇದ್ರ ಒಂದೂವರಿ."

ಆಮೇಲೆ ಭೂತಗನ್ನಡಿ ಹೊರಬರುತ್ತದೆ. ಸೂಜಿಯ ಬುಡದಲ್ಲಿ ಒತ್ತಿದ ಅಕ್ಷರ ಓದಬೇಕು. ನೋಡಲು ಎಲ್ಲ ಸೂಜಿಯೂ ಒಂದೇ. ಮೈ ಸಣ್ಣಗಾಗುತ್ತ ಹೋಗುವ ಲೆಕ್ಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಪೆಟ್ರೋಲು ಎಷ್ಟು ಬಿಡಬೇಕೆಂದು ತೀರ್ಮಾನಿಸುವುದೇ ಆ ಕೂದಲೆಳೆ. ಪಿಸ್ಟನ್ನಿಗೂ ಅದರ ಮೇಲಿನ ಗುಮ್ಮಟಕ್ಕೂ ಕಾರ್ಖಾನೆಯಲ್ಲೇ ಜಾತಕ ಕೂಡಿಸಿ ಕಳಿಸಿರುತ್ತಾರೆ; ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಸಂಸಾರ ನಡೆಯದು. ಪಿಸ್ಟನ್ ಎತ್ತಿ ಬಿಟ್ಟರೆ ಟಕ್ಕನೆ ಸದ್ದಾಗಬೇಕು. ಮೇಷ್ಟ್ರು ಕಿವಿಗೊಟ್ಟರು. ಟಕ್ ಇಲ್ಲ. ಒಳಗೆ ಇರಬೇಕಾದದ್ದು ತೆಳು ಇಂಜಿನ್ ಆಯಿಲ್. ಮೂಸಿದರು.

"ಶೇಂಗಾ ಎಣ್ಣಿ ಹಾಕೀಯೇನಲೇ?"

ಹುಡುಗ ನೆಲ ನೋಡಿದ.

ಫಿಯೆಟ್ ಪದ್ಮಿನಿಯವರು ಬಂದರೆ ಕಥೆ ಬೇರೆ, ಅದು ಸೋಲೆಕ್ಸ್. ಜೆಟ್ಟಿನ ಮೇಲೆ 125 ಎಂದಿದ್ದರೆ ತೂತು 1.25 ಮಿಲಿಮೀಟರ್. ಆದರೆ ನಮ್ಮಲ್ಲಿ ಕಸ ಕಟ್ಟಿದ ಜೆಟ್ಟಿಗೆ ತಂತಿ ತೂರಿಸದ ಕೈಯಿಲ್ಲ. "ನಂಬರು 125 ಅಂತೈತಿ ಸರಿ. ತೂತು ಏನಂತೈತಿ ಕೇಳ್ರಿ" ಎಂದು ವಾಪಸು ಕೊಡುತ್ತಾರೆ.

ಫೀಸು ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ, ಜೊತೆಗೆ ಕಥೆ ಕೇಳುವ ತಾಳ್ಮೆ. ಕಥೆ ಎಂದರೆ ಸ್ಕಿನ್ನರ್ ಅಣ್ಣತಮ್ಮಂದಿರದು. ಲಂಡನ್ನಿನಲ್ಲಿ ಬೂಟು ಮಾರುವ ಮನೆತನದ ಇವರು 1905ರ ಸುಮಾರಿಗೆ ಕಾರ್ಬೊರೇಟರ್ ಕಟ್ಟಿದರು, ಒಳಗೆ ಪಿಸ್ಟನ್ ಬದಲು ಚರ್ಮದ ತಿದಿ ಇತ್ತು. ಎಸ್‌ಯು ಎಂಬುದರಲ್ಲಿ ಎಸ್ ಅವರದೇ ಹೆಸರು. ಮಿರ್ಚಿ ಆರುವವರೆಗೂ ಕಥೆ ಮುಗಿಯುವುದಿಲ್ಲ. (ಮಿರ್ಚಿ ಆರಿದ ಮೇಲೂ ಮುಗಿಯದು.)

ಕೊನೆಗೆ ತೀರ್ಪು: ಗಂಟಿನಲ್ಲಿರುವುದು ಒಂದೂ ಅಸಲಿಯಲ್ಲ. ಹುಡುಗ ಕೈಮುಗಿದು ಹೋಗಿ, ಅದೇ ಸಾಮಾನು ಅದೇ ಕಾರಿಗೆ ಜೋಡಿಸಿ, ಮನೆ ಮಂದಿಯನ್ನೆಲ್ಲ ತುಂಬಿಕೊಂಡು ಕೊಟ್ಟೂರಿನ ಗುರುಬಸವೇಶ್ವರ ತೇರಿಗೆ ಹೋಗಿ ಬಂದ. ಉತ್ತತ್ತಿ ಪ್ರಸಾದ ಕೊಡಲು ಬಂದವನ ಮುಂದೆ ಮೇಷ್ಟ್ರು ಕದಲಲಿಲ್ಲ. "ಓಡೋದು ಬ್ಯಾರೆ, ಸರಿ ಇರೋದು ಬ್ಯಾರೆ."

ಮೇಷ್ಟ್ರದ್ದೂ ಒಂದು ಅಂಬಾಸಡರ್ ಇದೆ, ಹಳೆಯ 1489 ಸಿಸಿ ಇಂಜಿನ್ನಿನದು. ಅಸಲಿ ಸೂಜಿ ಸಿಗದೆ ಶೆಡ್ಡಿನಲ್ಲೇ ನಿಂತಿದೆ. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಗಾಲಿ ಉರುಳಿಸದೆ ಮೂರು ಜಿಲ್ಲೆ ಸುತ್ತಿದ ಕಾರು ಅದೊಂದೇ ಇರಬೇಕು. ಸೂಜಿ ತಂದುಕೊಡುತ್ತೇನೆಂದು ಯಾರಾದರೂ ಮುಂದೆ ಬಂದರೆ ಮೇಷ್ಟ್ರ ಮುಖ ಸಪ್ಪಗಾಗುತ್ತದೆ: "ಅವಸರ ಇಲ್ಲ ಬಿಡ್ರಿ, ಮೊದ್ಲು ಜೆಟ್ ನೋಡೋಣು."

ಹಳೆಯ ಅಂಬಾಸಡರ್ ಉಳ್ಳವರಲ್ಲಿ ಒಂದು ವಿನಂತಿ. ಫ್ಲೋಟ್ ಚೇಂಬರ್ ಬಿಚ್ಚಿದಾಗ ಆ ತಗಡನ್ನು ಎಸೆಯಬೇಡಿ. ಮೇಷ್ಟ್ರ ಹತ್ತಿರ ಹೋಗುವುದಾದರೆ ಊಟ ಮುಗಿಸಿಕೊಂಡೇ ಹೋಗಿ.