ಟಾನಿಕ್ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರು ಟಾನಿಕ್ ರಾಯರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾಗಿ, ಮಕ್ಕಳು ಹೊರದೇಶ ಸೇರಿ, ಬಿ.ಪಿ. ಹತೋಟಿಗೆ ಬಂದ ಮೇಲೆ ಇವರ ಗಮನವೆಲ್ಲ ಬಾಲ್ಕನಿಗೆ ತಿರುಗುತ್ತದೆ. ಮಲ್ಲಿಗೆಯನ್ನೋ ದೊಡ್ಡಪತ್ರೆಯನ್ನೋ ಬೆಳೆದುಕೊಂಡಿದ್ದರೆ ಯಾರ ತಕರಾರೂ ಇರಲಿಲ್ಲ. ರಾಯರ ಕಣ್ಣು ಬೀಳುವುದು ಬೆಳೆಯಲೊಲ್ಲದ ಗಿಡಗಳ ಮೇಲೆಯೇ: ಜೀಜೀ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅಗ್ಲೋನಿಮಾ. ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಒಂದು ಕುಂಡ ಹೊತ್ತು ತಂದು, ಆಗಸ್ಟ್ ಪ್ರದರ್ಶನದ ಹೊತ್ತಿಗೆ “ಇನ್ನೂ ಅಷ್ಟೇ ಇದೆಯಲ್ರೀ!” ಎಂದು ಚಡಪಡಿಸುತ್ತಾರೆ.

ಜೀಜೀ ಗಿಡದ ತಪ್ಪೇನೂ ಇಲ್ಲ. ಪೂರ್ವ ಆಫ್ರಿಕಾದ ಒಣ ಸೀಮೆಯದು. ಮಣ್ಣೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡು, ಮನಸ್ಸು ಬಂದಾಗ ಒಂದು ದಂಟು ಮೇಲಕ್ಕೆ ಕಳಿಸುತ್ತದೆ. ರಾಯರ ಲೆಕ್ಕದಲ್ಲಿ ಇದು ಶುದ್ಧ ಸೋಮಾರಿತನ. ಎಸ್ಸೆಸ್ಸೆಲ್ಸಿ ಹುಡುಗನನ್ನು ಮೂರು ಕಡೆ ಟ್ಯೂಷನ್ನಿಗೆ ಹಾಕಿದ ಅಪ್ಪನಂತೆ ಅವರು ಅದರ ಬೆನ್ನು ಹತ್ತುತ್ತಾರೆ.

ಅವರ ಶೂ ರ‍್ಯಾಕ್‌ನಲ್ಲಿ ಶೂಗಳಿಲ್ಲ. ಹಳೆಯ ಕೆಮ್ಮಿನ ಔಷಧಿಯ ಬಾಟಲಿಗಳಲ್ಲಿ ಕಡಲಪಾಚಿ ರಸ, ಹ್ಯೂಮಿಕ್ ಆಮ್ಲ. ಉಪ್ಪಿನಕಾಯಿ ಜಾಡಿಯಲ್ಲಿ ಎಪ್ಸಮ್ ಸಾಲ್ಟ್. ಹಾರ್ಲಿಕ್ಸ್ ಡಬ್ಬಿಯಲ್ಲಿ 19:19:19 ಗೊಬ್ಬರ. ಅಳೆಯಲು ಇನ್ಸುಲಿನ್ ಸಿರಿಂಜು. ಮೊಟ್ಟೆ ಒಳಗೆ ಬಾರದ ಮನೆ, ನಿಜ. ಆದರೆ ಮೂರನೇ ಮಹಡಿಯವರ ಆಮ್ಲೆಟ್ಟಿನ ಚಿಪ್ಪುಗಳು ಬಾಗಿಲ ಹೊರಗೇ ಪುಡಿಯಾಗಿ, ಅಡುಗೆಮನೆ ದಾಟದೆ ನೇರ ಬಾಲ್ಕನಿ ಸೇರುತ್ತವೆ. ಪಂಚಗವ್ಯದ ಕ್ಯಾನು ಲಿಫ್ಟಿನಲ್ಲಿ ಬಂದ ದಿನ ಅಸೋಸಿಯೇಷನ್ನಿನವರು ನೋಟೀಸ್ ಅಂಟಿಸಿದರು. ರಾಯರು ಅದರ ಕೆಳಗೆ ಪಂಚಗವ್ಯದ ಗುಣಗಳನ್ನು ಬರೆದು ಸಹಿ ಹಾಕಿದರು.

ಆದರೆ ಅವರ ಬ್ರಹ್ಮಾಸ್ತ್ರ ಜಿಬ್ಬರೆಲಿಕ್ ಆಮ್ಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಗಾರರು ಕಾಯಿ ಉದ್ದವಾಗಲೆಂದು ಗೊಂಚಲಿಗೆ ಹಾಕುವ ಪುಡಿ. ಬಂದವರಿಗೆಲ್ಲ ರಾಯರು ಇದರ ಚರಿತ್ರೆ ಹೇಳುತ್ತಾರೆ: ಒಂದು ಶಿಲೀಂಧ್ರ ತಗುಲಿದ ಭತ್ತದ ಸಸಿಗಳು ಉಳಿದವನ್ನೆಲ್ಲ ಮೀರಿ ಎದ್ದು ನಿಲ್ಲುತ್ತಿದ್ದವಂತೆ, ಅದು ಶಿಲೀಂಧ್ರ ಸ್ರವಿಸುವ ರಸದ ಕರಾಮತ್ತು ಎಂದು 1926ರಲ್ಲಿ ಜಪಾನಿನ ಕುರೊಸಾವಾ ತೋರಿಸಿಕೊಟ್ಟರಂತೆ. ಅಷ್ಟಕ್ಕೇ ನಿಲ್ಲಿಸಿ ಕಾಫಿ ಕುಡಿಯುತ್ತಾರೆ. ಆ ಸಸಿಗಳು ಬಿಳಿಚಿಕೊಂಡು, ಸೊರಗಿ, ಕಾಳು ಕಟ್ಟದೆ ಮಗುಚಿಕೊಳ್ಳುತ್ತಿದ್ದ ರೋಗಿಗಳು ಎಂಬ ಉತ್ತರಾರ್ಧ ಅವರ ಹರಿಕಥೆಯಲ್ಲಿ ಬರುವುದಿಲ್ಲ.

ಈ ಪುಡಿ ನೀರಿನಲ್ಲಿ ಸುಲಭಕ್ಕೆ ಕರಗದು, ಮೊದಲು ಆಲ್ಕೋಹಾಲಿನಲ್ಲಿ ಕದಡಬೇಕು. ಜೀವಮಾನದಲ್ಲಿ ಬಾರಿನ ಮೆಟ್ಟಿಲು ಹತ್ತದ ರಾಯರು ಬೆಳಿಗ್ಗೆ ಏಳಕ್ಕೆ ಮೆಡಿಕಲ್ ಶಾಪಿನ ಮುಂದೆ ನಿಂತು ಸ್ಪಿರಿಟ್ ಕೇಳಿದರೆ ಅಂಗಡಿ ಹುಡುಗ ಏನೆಂದುಕೊಳ್ಳಬೇಕು? ಒಂದು ಗ್ರಾಮನ್ನು ಹತ್ತು ಲೀಟರ್ ನೀರಿಗೆ ಹಾಕಿದರೆ 100 ಪಿಪಿಎಂ. ರಾಯರದು ಧಾರಾಳದ ಕೈ. ಒಂದೇ ಲೀಟರಿಗೆ ಬೆರೆಸಿಬಿಟ್ಟರು. ಅಗ್ಲೋನಿಮಾ ಎದ್ದಿತು, ಸುಳ್ಳಲ್ಲ. ತೊಟ್ಟು ಗೇಣುದ್ದ, ಎಲೆ ಮಾತ್ರ ಬೆರಳಗಲ. ಎಲೆಯ ಅಂದಕ್ಕೆಂದೇ ಸಾಕುವ ಗಿಡ ಎಲೆ ಮರೆತು, ಯಾರೂ ಕೇಳದ ಮಾಸಲು ಹೂವು ಬಿಟ್ಟಿತು. ರಾಯರು ಪೇಡ ಹಂಚಿದರು.

“ರೀ, ಅದಕ್ಕೆ ಊರುಗೋಲು ಕೊಡಿ, ಬೀಳ್ತಾ ಇದೆ” ಎಂದರು ಅವರ ಮನೆಯವರು.

ಎಲೆತುದಿ ಸುಟ್ಟಂತಾಗಿ ಕಂದುತ್ತದೆ, ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಗೊಬ್ಬರ ಅತಿಯಾಯಿತೆಂದು ನರ್ಸರಿಯ ಹುಡುಗನೂ ಹೇಳಬಲ್ಲ, ಹೇಳಿಯೂ ಇದ್ದಾನೆ. “ಸಾರ್, ಒಂದ್ಸಲ ಬರೀ ನೀರು ಚೆನ್ನಾಗಿ ಹಾಯಿಸಿ, ಕಿಟಕಿ ಹತ್ರ ಇಡಿ, ಬೆಳಕು ಸಾಲ್ತಿಲ್ಲ.” ಬೆಳಕಿಗೆ ದುಡ್ಡಿಲ್ಲ, ಆದ್ದರಿಂದಲೇ ಇರಬೇಕು, ರಾಯರಿಗೆ ಅದರಲ್ಲಿ ನಂಬಿಕೆಯೂ ಇಲ್ಲ. ಅವರ ರೋಗನಿರ್ಣಯ ಒಂದೇ: ಪೋಷಕಾಂಶದ ಕೊರತೆ. ಇನ್ನೊಂದು ಸಿರಿಂಜು.

ನಿಮ್ಮ ಬ್ಲಾಕಿನಲ್ಲಿಯೂ ಇಂಥವರಿದ್ದರೆ, ಊರಿಗೆ ಹೋಗುವಾಗ ಬೀಗದ ಕೈ ಅವರಿಗೇ ಕೊಡಿ. ಅವರಷ್ಟು ನಂಬಿಕಸ್ಥರು ಸಿಗುವುದಿಲ್ಲ. ಕುಂಡಗಳನ್ನು ಮಾತ್ರ ಒಳಕೋಣೆಯಲ್ಲಿಟ್ಟು ಬೇರೆ ಬೀಗ ಹಾಕಿ. ಜೀಜೀ ಗಿಡ ತಿಂಗಳೊಪ್ಪತ್ತು ನೀರಿಲ್ಲದೆಯೂ ಇರುತ್ತದೆ.