ಎನ್ನೂರಿನ ಅಳಿವೆಯಿಂದ ಒಂದು ಬಿನ್ನಹ

ಕಡಲ ಮಾಲಿನ್ಯ ತಡೆಯಲೆಂದು ಅವತರಿಸಿದ ಅಂತಾರಾಷ್ಟ್ರೀಯ ಒಪ್ಪಂದಗಳ ಸನ್ನಿಧಾನಕ್ಕೆ,

ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

1973ರ ಮಾರ್ಪೋಲ್ ಮಹನೀಯರೇ, ಹಡಗುಗಳು ಎಣ್ಣೆನೀರನ್ನು ಕಂಡಕಂಡಲ್ಲಿ ಕಡಲಿಗೆ ಸುರಿಯದಂತೆ ಕಟ್ಟಳೆ ಹಾಕಿದವರು ತಾವು. ಆ ಋಣ ದೊಡ್ಡದು. ತಮ್ಮ ಬಳಗದ 1990ರ ಒಪ್ಪಂದವಂತೂ, ಎಣ್ಣೆ ಸೋರಿದರೆ ಎದುರಿಸಲು ಉಪಕರಣ, ತರಬೇತಿ ಎರಡೂ ಸಿದ್ಧವಿರಬೇಕು ಎನ್ನುತ್ತದೆ. ಭಾರತವೂ ಅದಕ್ಕೆ ಒಪ್ಪಿದೆ. ಆದರೆ 2017ರ ಜನವರಿ 28ರ ನಸುಕಿನಲ್ಲಿ ಚೆನ್ನೈ ಬಳಿಯ ಎನ್ನೂರಿನ ಕಾಮರಾಜರ್ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿಯಾದ ಮೇಲೆ ಆ ಸಿದ್ಧತೆ ದಡ ಮುಟ್ಟಲಿಲ್ಲ. ಎರಣಾವೂರಿನ ಬಂಡೆಗಳಿಗೆ ಡಾಂಬರಿನಂಥ ಎಣ್ಣೆ ಮೆತ್ತಿಕೊಂಡಿತ್ತು. ಮೀನುಗಾರರೂ ವಿದ್ಯಾರ್ಥಿಗಳೂ ಅದನ್ನು ಬಕೆಟ್ಟುಗಳಲ್ಲಿ ಬಾಚಿ, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುವ ಕಾಲವದು.

ಇನ್ನು ದಕ್ಷಿಣ ಏಷ್ಯಾ ಸಮುದ್ರಗಳ ಕ್ರಿಯಾಯೋಜನೆಯವರೇ, ತಮ್ಮಲ್ಲಿ ನನ್ನ ದೂರು ಹೆಚ್ಚು. 1995ರಲ್ಲಿ ನವದೆಹಲಿಯಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನ, ಮಾಲ್ಡೀವ್ಸ್ ಒಟ್ಟಿಗೆ ಕೂತು ತಮ್ಮನ್ನು ಅಂಗೀಕರಿಸಿದವು. ಜಗಳವಾಡುವ ನೆರೆಯವರನ್ನು ಕಡಲಿಗಾಗಿ ಒಂದೆಡೆ ಕೂರಿಸಿದ್ದಕ್ಕೆ ನಿಜಕ್ಕೂ ಕೃತಜ್ಞ. ನೆಲದಿಂದ ಹರಿದುಬರುವ ಕೊಳೆಯೂ ತಮ್ಮ ಆದ್ಯತೆಗಳ ಪಟ್ಟಿಯಲ್ಲಿದೆ. ಆದರೆ ತಾವು ಯೋಜನೆಯಾಗಿಯೇ ಉಳಿದಿರಿ, ರಾಷ್ಟ್ರಗಳನ್ನು ಕಟ್ಟಿಹಾಕುವ ಒಡಂಬಡಿಕೆ ಆಗಲಿಲ್ಲ. ಮೆಡಿಟರೇನಿಯನ್ನಿನವರು 1976ರಲ್ಲೇ ಬಾರ್ಸಿಲೋನಾದಲ್ಲಿ ಒಡಂಬಡಿಕೆ ಮಾಡಿಕೊಂಡು, 1980ರಲ್ಲಿ ನೆಲಮೂಲದ ಮಾಲಿನ್ಯಕ್ಕೇ ಪ್ರತ್ಯೇಕ ನಿಯಮಾವಳಿ ಒಪ್ಪಿಕೊಂಡರು.

ನಮ್ಮಲ್ಲಿ ಅಂಥ ಒಡಂಬಡಿಕೆ ಇಲ್ಲದ ಕೊರತೆ ಏನೆಂದು 2023ರ ಡಿಸೆಂಬರ್ ತೋರಿಸಿತು. ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿಯ ಕೈಗಾರಿಕಾ ಪ್ರದೇಶದ ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆಗೆ ನುಗ್ಗಿ, ಕೊಸಸ್ಥಲೈ ನದಿ ಕಡಲು ಸೇರುವ ಎನ್ನೂರಿನ ಅಳಿವೆ ತುಂಬಿತು. ದೋಣಿ, ಬಲೆ, ಮನೆಯ ಗೋಡೆ, ಹೆಜ್ಜಾರ್ಲೆಗಳ ಬಿಳಿ ರೆಕ್ಕೆ, ಎಲ್ಲವೂ ಕಪ್ಪು. ಈ ಸಲವೂ ಮೀನುಗಾರರೇ ದೋಣಿಯಲ್ಲಿ ಕೂತು ಮಗ್ಗಿನಿಂದ ಎಣ್ಣೆ ಮೊಗೆದರು. ಹಡಗಿನಿಂದ ಚೆಲ್ಲಿದ ಎಣ್ಣೆಗೆ ಯಾರು ಹೊಣೆ, ಯಾವ ವಿಮೆ, ಎಷ್ಟು ಪರಿಹಾರ ಎಂದು ತಮ್ಮ ಬಂಧುಗಳಾದ ಇತರ ಒಪ್ಪಂದಗಳವರು ವಿಧಿವಿಧಿಯಾಗಿ ಬರೆದಿಟ್ಟಿದ್ದಾರೆ. ಕಾಲುವೆಯಿಂದ ಬಂದ ಎಣ್ಣೆಗೆ ಅಂಥದೊಂದು ಸಾಲೂ ಇಲ್ಲ. ಕೆಸರಿಗೆ ಕೈ ಹಾಕಿ ಸಿಗಡಿ ಹಿಡಿದು ಬದುಕುವವರಿಗೆ ಎರಡೂ ಎಣ್ಣೆ ಒಂದೇ.

ಆದಕಾರಣ ನಮ್ರ ವಿನಂತಿ: ಐದು ದೇಶಗಳನ್ನೂ ಮತ್ತೆ ಕೂರಿಸಿ, ನದೀಮುಖದಿಂದ ಬರುವ ವಿಷಕ್ಕೂ ಹೊಣೆ ಮತ್ತು ಪರಿಹಾರ ಬರೆದ ಒಡಂಬಡಿಕೆಗೆ ಸಹಿ ಹಾಕಿಸಿ. ಕರಡು ಬರೆಯುವಾಗ ಎನ್ನೂರಿನ ಮೀನುಗಾರರನ್ನೂ ಕರೆಯಿರಿ.

ಇತಿ ತಮ್ಮ ವಿಧೇಯ,
ಚೆನ್ನೈನ ಒಬ್ಬ ಕನ್ನಡಿಗ